ಮರಳಲ್ಲಿ ಟೆಂಟ್ ನಿಲ್ಲಿಸಿದ್ದು ಹೀಗೆ

ನಾವು ನಾಲ್ವರು ಗೆಳೆಯರು ಕಾರಲ್ಲಿ ಹೊರಟಿದ್ದೆವು. ಮೊದಲ ರಾತ್ರಿ ಸಾಗರದ ಹತ್ತಿರ ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿದೆವು. ಕೆಂಪು ಮಣ್ಣು, ಗೂಟ ಗಟ್ಟಿಯಾಗಿ ಕೂತಿತು. ಮರುದಿನ ಜೋಗ ನೋಡಿ, ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರ ದಾಟಿ ಕಾಸರಕೋಡು ಸೇರಿದೆವು. ಕಡಲ ಪಕ್ಕದ ಮನೆಯವರನ್ನು ಕೇಳಿ, ಅವರ ಗಾಳಿಮರಗಳ ಹಿಂದೆ ಜಾಗ ಹಿಡಿದೆವು.

ತೊಂದರೆ ಶುರುವಾಗಿದ್ದೇ ಅಲ್ಲಿ. ಸಂಜೆ ಕಡಲಗಾಳಿ ಎದ್ದಿತು, ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಕಲ್ಲಿಂದ ಎಷ್ಟು ಹೊಡೆದರೂ ಅಷ್ಟೇ. ಒಣ ಮರಳು ಸಣ್ಣ ಗೂಟವನ್ನು ಹಿಡಿಯುವುದೇ ಇಲ್ಲ.

ಮನೆಯ ಅಮ್ಮ ನಾಲ್ಕು ಹಳೇ ಅಕ್ಕಿ ಚೀಲ ಕೊಟ್ಟರು. ಎಂಥ ಉಪಕಾರ! ಅದರಲ್ಲಿ ಅರ್ಧ ಮರಳು ತುಂಬಿ, ಬಾಯಿಗೆ ಟೆಂಟಿನ ಹಗ್ಗ ಬಿಗಿದೆವು. ಒಂದೂವರೆ ಅಡಿ ಗುಂಡಿ ತೋಡಿ, ಚೀಲ ಅಡ್ಡ ಮಲಗಿಸಿ, ಮರಳು ಮುಚ್ಚಿ ಚೆನ್ನಾಗಿ ತುಳಿದೆವು. ಮೇಲೆ ಒಂದೊಂದು ಬಕೆಟ್ ನೀರು ಸುರಿದೆವು. ಒದ್ದೆ ಮರಳು ಜಾಸ್ತಿ ಗಟ್ಟಿ, ಅಲ್ವಾ? ಹಗ್ಗ ಮಾತ್ರ ಗುಂಡಿಯಿಂದ ಓರೆಯಾಗಿ ಟೆಂಟಿನ ಕಡೆ ಬರಬೇಕು, ನೇರ ಮೇಲಕ್ಕಲ್ಲ.

ಬಾಗಿಲನ್ನೂ ಗಾಳಿಗೆ ಬೆನ್ನು ಮಾಡಿ ತಿರುಗಿಸಿದೆವು. ರಾತ್ರಿಯಿಡೀ ಬಟ್ಟೆ ಪಟಪಟ ಅಂದಿತು, ಆದರೆ ಒಂದು ಹಗ್ಗವೂ ಸಡಿಲಲಿಲ್ಲ. ಬೆಳಿಗ್ಗೆ ಗುಂಡಿ ಮುಚ್ಚಿ, ಚೀಲ ಕೊಡವಿ ಅಮ್ಮನಿಗೆ ವಾಪಸ್ ಕೊಟ್ಟೆವು.