ಮ್ಯೂಸಿಕ್ ಆ್ಯಪ್‌ಗೆ ದುಡ್ಡು ಕಟ್ಟುವ ಮುಂಚೆ ಅವ್ವನ ಪಟ್ಟಿ

ನಮ್ಮ ಮನೆ ಇರುವುದು ಪುಣೆಯ ಕೋಥರೂಡ್‌ನಲ್ಲಿ. ಅವ್ವನ ತವರು ಕುಂದಗೋಳ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು ಅದು. ಅವರ ನೆನಪಿನ ಸಂಗೀತ ಮಹೋತ್ಸವವನ್ನು ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರು ಮಾಡಿದ್ದು ಇಲ್ಲಿ, ಪುಣೆಯಲ್ಲಿ. ಹಾಗಾಗಿ ಡಿಸೆಂಬರ್ ಬಂತೆಂದರೆ ಅವ್ವ ಶಾಲು ಹೊದ್ದು ರೆಡಿ. ಒಂದು ವರ್ಷ ಕಛೇರಿ ಕೇಳಿ ಆಟೋದಲ್ಲಿ ವಾಪಸ್ ಬರುವಾಗ ಕೇಳಿದಳು, "ಆ ಪೂರಿಯಾ ಧನಾಶ್ರೀ ರಾಗ ಮನ್ಯಾಗ ಕೇಳಾಕ ಸಿಗತೈತೇನ?"

ಮನೆಯಲ್ಲಿ ಅಪ್ಪನ ಕಾಲದ ಕ್ಯಾಸೆಟ್ ಡಬ್ಬಿ ಇದೆ. ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾಗಿವೆ. ಸರಿ, ಫೋನಿನಲ್ಲೇ ನೋಡೋಣ ಎಂದು ಒಂದು ಆ್ಯಪ್ ಹಾಕಿದೆ. ಮೊದಲು ಪುಕ್ಕಟೆ ಪ್ಲಾನ್.

ಎರಡೇ ದಿನಕ್ಕೆ ಗೊತ್ತಾಯಿತು, ನಮ್ಮ ಸಂಗೀತಕ್ಕೆ ಪುಕ್ಕಟೆ ಪ್ಲಾನ್ ಹೊಂದುವುದಿಲ್ಲ. ಸಿನಿಮಾ ಹಾಡಾದರೆ ಹಿಂದುಮುಂದಾದರೂ ನಡೆಯುತ್ತದೆ. ಹಿಂದೂಸ್ತಾನಿಯ ಖಯಾಲ್ ಗಾಯನ ಹಾಗಲ್ಲ. ಮೊದಲು ನಿಧಾನ ಗತಿಯ ವಿಲಂಬಿತ, ಆಮೇಲೆ ವೇಗದ ದ್ರುತ್. ರಾಗ ನಿಧಾನಕ್ಕೆ ಬೆಳೆಯುತ್ತಾ ಹೋಗಬೇಕು. ಆಲ್ಬಮ್‌ನಲ್ಲಿ ಅವೆರಡೂ ಬೇರೆ ಬೇರೆ ಟ್ರ್ಯಾಕ್ ಆಗಿರುತ್ತವೆ. ಆ ಪ್ಲಾನ್‌ನಲ್ಲಿ ಆ್ಯಪ್ ತನಗೆ ಬೇಕಾದಂತೆ ಕಲಸಿ ಹಾಕುತ್ತಿತ್ತು. ಬೆಳಗ್ಗೆ ತೋಡಿ ರಾಗ ಹಾಕಿದರೆ ಮೊದಲು ದ್ರುತ್ ಬಂತು, ಅದಾದ ಮೇಲೆ ಜಾಹೀರಾತು, ಅದಾದ ಮೇಲೆ ಬೇರೆ ಯಾರದೋ ಭಜನೆ. ಅವ್ವ ಫೋನನ್ನು ಅಂಗೈಯಿಂದ ಮುಚ್ಚಿಬಿಟ್ಟಳು. "ಹಾಡೂ ಮನಿಷಾ ಉಸರ ತಗೋಳೂದ್ರಾಗ ನಡುವ ಯಾಕ ಬಾಯಿ ಹಾಕ್ತಾರ?" ಎಂದಳು. ಆಗಲೇ ಚಂದಾ ಕಟ್ಟುವುದೆಂದು ತೀರ್ಮಾನಿಸಿದೆ.

ಆದರೆ ಯಾವುದಕ್ಕೆ? ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆಪಲ್ ಮ್ಯೂಸಿಕ್, ಜಿಯೋಸಾವನ್, ಗಾನಾ, ಎಲ್ಲವೂ ಕೋಟಿಗಟ್ಟಲೆ ಹಾಡು ಇವೆ ಎನ್ನುತ್ತವೆ. ಆ ಲೆಕ್ಕದಿಂದ ನನಗೇನೂ ಉಪಯೋಗವಿಲ್ಲ. ನಮಗೆ ಬೇಕಾದ ಇಪ್ಪತ್ತು ಇವೆಯೇ ಎಂಬುದಷ್ಟೇ ಮುಖ್ಯ. ಅವ್ವನನ್ನು ಕೂರಿಸಿಕೊಂಡು ಹಳೇ ಲೆಕ್ಕದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಪಟ್ಟಿ ಮಾಡಿದೆ. ಭೀಮಸೇನರ ದಾಸವಾಣಿ, ಮಲ್ಲಿಕಾರ್ಜುನ ಮನಸೂರರ ವಚನಗಳು, ಗಂಗೂಬಾಯಿ ಹಾನಗಲ್ಲರ ರೆಕಾರ್ಡುಗಳು, ಬಸವರಾಜ ರಾಜಗುರುಗಳ ನಾಟ್ಯಗೀತೆ, ನನಗೆ ಬೇಕಾದ ಒಂದಷ್ಟು ಭಾವಗೀತೆ. ಇಪ್ಪತ್ತು ಸಾಲು. ಪಕ್ಕದಲ್ಲಿ ಮೂರು ಕಾಲಮ್ಮು, ಮೂರು ಆ್ಯಪ್‌ಗೆ. ಒಂದು ವಾರ ರಾತ್ರಿ ಊಟ ಆದಮೇಲೆ ನಮಗೆ ಇದೇ ಕೆಲಸ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ "ಕನ್ನಡದ್ದು ಏನೂ ಸಿಗಲ್ಲ" ಎಂದು ಇದೇ ಹಂತದಲ್ಲಿ ಕೈಬಿಡುತ್ತಾರೆ. ಹಾಡು ಇರುತ್ತದೆ. ಹುಡುಕುವ ಅಕ್ಷರ ಬೇರೆ ಇರುತ್ತದೆ. ಅವ್ವ ಮೈಕ್ ಒತ್ತಿ "ಪುರಂದರದಾಸರ ಪದ" ಎಂದಳು. ಫೋನು ಅದನ್ನು ಕನ್ನಡ ಲಿಪಿಯಲ್ಲಿ ಸರಿಯಾಗಿಯೇ ಬರೆಯಿತು. ಬಂದದ್ದು ನಾಲ್ಕೈದು ಹಾಡು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ, ಸಾಲುಸಾಲಾಗಿ ಬಂದವು. ಆಮೇಲೆ 'ಪುರಂದರ' ಮತ್ತು 'ದಾಸ' ಬಿಡಿಸಿ ಬರೆದರೆ ಇನ್ನಷ್ಟು. ಮಹಾರಾಷ್ಟ್ರದವರು ಹೇಳುವ ಹಾಗೆ 'ಪುರಂದರ್‌ದಾಸ್' ಎಂದು ಹಾಕಿದರೆ ಮರಾಠಿ ಕಡೆಯ ಆಲ್ಬಮ್‌ಗಳೂ ಬಂದವು. ಲಕ್ಷ್ಮಿ ಎಂಬ ಪದವನ್ನೇ ತಗೊಳ್ಳಿ. ಒಬ್ಬರು ಕೆ-ಎಸ್-ಎಚ್ ಹಾಕುತ್ತಾರೆ, ನಮ್ಮ ಕಡೆಯವರು ಎಕ್ಸ್ ಹಾಕುತ್ತಾರೆ. ಎರಡಕ್ಕೂ ಒಂದೇ ಫಲಿತಾಂಶ ಬರಲಿಲ್ಲ. ಮನಸೂರ, ಮನ್ಸೂರ್, ಹಾನಗಲ್, ಹಂಗಲ್, ಎಲ್ಲಾ ಹೀಗೇ. ಹಾಡಿನ ಹೆಸರಲ್ಲಿ ಸಿಗದಿದ್ದರೆ ಗಾಯಕರ ಪುಟಕ್ಕೆ ಹೋಗಿ ಆಲ್ಬಮ್‌ಗಳನ್ನು ಒಂದೊಂದಾಗಿ ನೋಡಿ. ನನಗೆ ಆರು ಹಾಡು ಸಿಕ್ಕಿದ್ದು ಹಾಗೆಯೇ.

ವಾರದ ಕೊನೆಗೆ ಒಂದು ಆ್ಯಪ್‌ನಲ್ಲಿ 17 ಟಿಕ್, ಇನ್ನೊಂದರಲ್ಲಿ 15, ಮತ್ತೊಂದರಲ್ಲಿ 12. 17 ಇದ್ದದ್ದಕ್ಕೆ ಸೇರಿದೆ. ನಿಮ್ಮ ಪಟ್ಟಿ ಬೇರೆ ಆದರೆ ಉತ್ತರವೂ ಬೇರೆ ಬರುತ್ತದೆ, ಅದಕ್ಕೇ ಆ್ಯಪ್‌ನ ಹೆಸರು ಹೇಳುತ್ತಿಲ್ಲ.

ದುಡ್ಡಿನ ವಿಚಾರ ಸುಲಭ. ಮೊದಲ ತಿಂಗಳು ಪುಕ್ಕಟೆ ಇತ್ತು. ಅದಕ್ಕೂ ಯುಪಿಐ ಆಟೋಪೇ ಒಪ್ಪಿಗೆ ಕೊಡಬೇಕು. ಅವ್ವನಿಗೆ "ದುಡ್ಡು ತಾನೇ ಹೋಗ್ತೈತಿ" ಎಂಬುದೇ ದೊಡ್ಡ ಭಯ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ದುಡ್ಡು ಕತ್ತರಿಸುವ 24 ಗಂಟೆ ಮುಂಚೆ ಸೂಚನೆ ಬರಲೇಬೇಕು. ಬೇಡವೆಂದರೆ ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇ ಒಪ್ಪಿಗೆಯನ್ನು ನಾವೇ ರದ್ದು ಮಾಡಬಹುದು. ಅದನ್ನು ಅವಳಿಗೆ ತೆರೆದು ತೋರಿಸಿದೆ. ಆದರೂ ಪುಕ್ಕಟೆ ತಿಂಗಳು ಮುಗಿಯುವ ಮೂರು ದಿನ ಮುಂಚೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನಾನು ಮೊದಲು ಒಬ್ಬರಿಗೆ ಸಾಕಾಗುವ ಪ್ಲಾನ್ ತಗೊಂಡೆ. ಬೆಳಗ್ಗೆ ಎಂಟಕ್ಕೆ ಇಲ್ಲಿನ ಚಾಂದನಿ ಚೌಕದಲ್ಲಿ ಹಿಂಜೆವಾಡಿಯ ಕಂಪನಿ ಬಸ್ಸು ಹತ್ತಿ ಇಯರ್‌ಫೋನ್ ಹಾಕಿದೆನೋ ಇಲ್ಲವೋ, ಅವ್ವನ ಫೋನ್ ಬಂತು. "ಹಾಡ ನಿಂತಬಿಟ್ತಲ್ಲೋ." ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಂದೇ ಕಡೆ ಹಾಡು ನಡೆಯುತ್ತದೆ. ನಾನು ಹಚ್ಚಿದರೆ ಅವಳದು ನಿಲ್ಲುತ್ತದೆ. ಮನೆಯಲ್ಲಿ ಇಬ್ಬರು ಕೇಳುವವರಿದ್ದರೆ ಶುರುವಿನಲ್ಲೇ ಕುಟುಂಬದ ಪ್ಲಾನ್ ನೋಡಿ. ದರದ ವ್ಯತ್ಯಾಸ ಎಷ್ಟೆಂದು ನೋಡಿಕೊಳ್ಳಿ. ಇನ್ನೊಂದು ಅನುಕೂಲ, ಪ್ರತಿಯೊಬ್ಬರಿಗೂ ಬೇರೆ ಖಾತೆ. ಇಲ್ಲದಿದ್ದರೆ ನನ್ನ ಮಗಳ ಹಾಡು ನೋಡಿ ಆ್ಯಪ್ ಅವ್ವನಿಗೂ ಅದೇ ತರಹದ್ದನ್ನು ಎತ್ತಿ ಕೊಡುತ್ತದೆ.

ಇನ್ನು ಸೆಟ್ಟಿಂಗು. ಶಾಸ್ತ್ರೀಯ ಸಂಗೀತ ಕೇಳುವವರು ಎರಡನ್ನು ಮೊದಲ ದಿನವೇ ಆಫ್ ಮಾಡಲೇಬೇಕು. ಒಂದು ಕ್ರಾಸ್‌ಫೇಡ್. ಅದು ಒಂದು ಟ್ರ್ಯಾಕಿನ ಕೊನೆಯ ಕೆಲವು ಸೆಕೆಂಡನ್ನು ಮುಂದಿನದರ ಶುರುವಿಗೆ ಬೆರೆಸುತ್ತದೆ. ವಿಲಂಬಿತ ಮುಗಿದು ತಂಬೂರಿಯೊಂದೇ ಉಳಿಯುವ ಆ ಗಳಿಗೆ ಇದೆಯಲ್ಲ, ಅದೇ ಹೋಗಿಬಿಡುತ್ತದೆ. ಇನ್ನೊಂದು ಆಟೋಪ್ಲೇ. ಕೊನೆಗೆ ಹಾಡುವ ಭೈರವಿ ರಾಗ ಮುಗಿದ ಮೇಲೆ ಮನೆಯಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಇರಬೇಕು. ಆಟೋಪ್ಲೇ ಬಿಟ್ಟರೆ ತಕ್ಷಣ ಮತ್ತೇನೋ ಶುರು ಆಗುತ್ತದೆ.

ಧ್ವನಿಯ ಗುಣಮಟ್ಟ ಮತ್ತು ಡೇಟಾದ ಲೆಕ್ಕ ಹೀಗಿದೆ. ಸೆಕೆಂಡಿಗೆ 320 ಕಿಲೋಬಿಟ್ ಎಂದರೆ ಗಂಟೆಗೆ ಸುಮಾರು 144 ಎಂಬಿ. 96 ಎಂದರೆ ಸುಮಾರು 43 ಎಂಬಿ. ಬಸ್ಸಿನಲ್ಲಿ ನಾನು ಹೋಗಿಬರುವುದು ಸೇರಿ ದಿನಕ್ಕೆ ಎರಡು ಗಂಟೆ, ತಿಂಗಳಿಗೆ 22 ದಿನ. 320ರಲ್ಲಿ ಕೇಳಿದರೆ ಅಷ್ಟಕ್ಕೇ ಆರು ಜಿಬಿ ದಾಟುತ್ತದೆ. ಕಡಿಮೆ ಗುಣಮಟ್ಟದಲ್ಲಿ ತಂಬೂರಿ ಕಲಕಿದ ನೀರಿನಂತೆ ಕೇಳಿಸುತ್ತದೆ, ನನಗೆ ಅದು ಆಗುವುದಿಲ್ಲ. ಅದಕ್ಕೆ ರಾತ್ರಿ ಮನೆಯ ವೈಫೈನಲ್ಲಿ ಒಳ್ಳೆಯ ಗುಣಮಟ್ಟದಲ್ಲೇ ಇಳಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ ಡೇಟಾ ಖರ್ಚು ಸೊನ್ನೆ.

ಇಳಿಸಿಕೊಳ್ಳುವ ಬುದ್ಧಿ ಬಂದದ್ದು ಮುಂಬೈ ರೈಲಿನಲ್ಲಿ. ಲೋಣಾವಳ ದಾಟಿ ಘಾಟು ಇಳಿಯುವಾಗ ಸುರಂಗದ ಮೇಲೆ ಸುರಂಗ. ಅವ್ವ ಕಿಟಕಿ ಪಕ್ಕ ಕೂತು ಮಳೆ ನೋಡುತ್ತಾ ಮಲ್ಹಾರ ಕೇಳುತ್ತಿದ್ದಳು. ಕರ್ಜತ್ ತಲುಪುವ ತನಕ ಆಲಾಪ ತುಂಡು ತುಂಡಾಯಿತು. ಈಗ ಹೊರಡುವ ಹಿಂದಿನ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಹಾಡು ನಡೆಯುತ್ತದಾ ಎಂದು ನೋಡಿಯೇ ಮಲಗುತ್ತೇನೆ. ಇಳಿಸಿದ ಹಾಡು ನಮ್ಮ ಸ್ವಂತ ಆಗುವುದಿಲ್ಲ, ಇದು ನೆನಪಿರಲಿ. ಚಂದಾ ನಿಂತರೆ ಅದೂ ನಿಲ್ಲುತ್ತದೆ. ಕಂಪನಿಯೇ ನಿಲ್ಲಿಸಿದರೂ ಅಷ್ಟೇ. ರೆಸ್ಸೋ ಎಂಬ ಮ್ಯೂಸಿಕ್ ಆ್ಯಪ್ 2024ರ ಜನವರಿಯಲ್ಲಿ ಭಾರತದಲ್ಲಿ ನಿಂತಿತು, ಅದೇ ವರ್ಷ ವಿಂಕ್ ಮ್ಯೂಸಿಕ್ ಕೂಡ. ಹಾಗಾಗಿ ಆ ನೋಟ್‌ಬುಕ್ಕಿನ ಹಾಳೆ ಹರಿದುಹಾಕಿಲ್ಲ. ಹೊಸ ಹಾಡು ಇಷ್ಟವಾದರೆ ಅವ್ವ ಅಲ್ಲೇ ಬರೆಸುತ್ತಾಳೆ. ಈಗ 60 ಸಾಲು ದಾಟಿದೆ.

ಟಿಕ್ ಬೀಳದೆ ಉಳಿದದ್ದು ಮೂರು. ಮೂರೂ ಅಪ್ಪನ ಕ್ಯಾಸೆಟ್‌ನಲ್ಲಿವೆ. ನಮ್ಮದೇ ಹಾಡಿನ ಫೈಲ್‌ಗಳನ್ನು ಸೇರಿಸಿಕೊಳ್ಳಲು ಕೆಲವು ಆ್ಯಪ್‌ಗಳಲ್ಲಿ ಅವಕಾಶ ಇದೆ. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಒಂದು ಲಕ್ಷದ ತನಕ ಹಾಕಬಹುದು. ಕುಂದಗೋಳದ ಮಾವನ ಮನೆಯಲ್ಲಿ ಇನ್ನೂ ಓಡುವ ಟೇಪ್ ರೆಕಾರ್ಡರ್ ಇದೆಯಂತೆ. ದೀಪಾವಳಿಗೆ ಹೋಗುವಾಗ ಆ ಮೂರು ಕ್ಯಾಸೆಟ್ಟು ಮತ್ತು ಲ್ಯಾಪ್‌ಟಾಪಿಗೆ ಜೋಡಿಸುವ ವೈರು ಒಯ್ಯಬೇಕು. ಅವ್ವ ಈಗಲೇ ಅವನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿ ಇಟ್ಟಿದ್ದಾಳೆ.