ಕ್ಯಾರವಾನ್ ಸೇತುವೆ ಹತ್ತಿಸುವ ಮುಂಚೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದೊಡ್ಡ ಕ್ಯಾರವಾನ್ ತೆಗೆದುಕೊಂಡು ಹೊರಟಿದ್ದೀರಾ? ಮೊದಲು ಶಿವಮೊಗ್ಗದಲ್ಲೇ ಒಂದು ವೇ ಬ್ರಿಡ್ಜ್, ಅಂದರೆ ಲಾರಿ ತೂಗುವ ಕಾಟಾ, ಹುಡುಕಿ ಗಾಡಿ ತೂಗಿಸಿ. ಆರ್‌ಸಿ ನಂಬಿ ಸುಮ್ನೆ ಕೂರಬೇಡಿ. ಅದರಲ್ಲಿರುವುದು ಖಾಲಿ ಗಾಡಿಯ ತೂಕ, ಜೊತೆಗೆ ಗಾಡಿ ಎಷ್ಟು ಹೊರಬಹುದು ಅನ್ನುವ ಮಿತಿ. ಇವತ್ತು ಎಷ್ಟು ಹೊತ್ತಿದೆ ಅಂತ ಅದಕ್ಕೇನು ಗೊತ್ತು? 300 ಲೀಟರ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 300 ಕೆಜಿ ಆಯಿತು, ಮೇಲೆ ಬ್ಯಾಟರಿ, ಸಿಲಿಂಡರ್, ಜನ, ಬರುವಾಗ ನೆಂಟರು ಹಾಕಿಕೊಟ್ಟ ತೆಂಗಿನಕಾಯಿ ಮೂಟೆ. ನೀರು ಮಾತ್ರ ಅಲ್ಲಿಗೆ ಹೋಗಿಯೇ ತುಂಬಿಸಿಕೊಳ್ಳಿ, ಮಲೆನಾಡಲ್ಲಿ ನೀರಿಗೆ ಬರವೇ?

ಪೂರ್ತಿ ಗಾಡಿ ಒಂದು ಸಲ, ಮುಂದಿನ ಚಕ್ರ ಮಾತ್ರ ಇನ್ನೊಂದು ಸಲ ತೂಗಿಸಿ. ಕಳೆದರೆ ಹಿಂದಿನ ಆಕ್ಸಲ್ (ಎರಡೂ ಬದಿಯ ಚಕ್ರ ಜೋಡಿಸುವ ಅಚ್ಚು) ಭಾರ ಸಿಗುತ್ತದೆ. ಯಾಕೆಂದರೆ ಸೇತುವೆ ಪಕ್ಕ ಹಾಕುವ ತೂಕದ ಬೋರ್ಡು ಎರಡು ಥರ. ಕೆಂಪು ಬಳೆಯೊಳಗೆ ಬರೀ ಟನ್ ಅಂಕಿ ಇದ್ದರೆ ಗಾಡಿಯ ಒಟ್ಟು ತೂಕ, ಅಂಕಿ ಜೊತೆ ಆಕ್ಸಲ್ ಚಿತ್ರ ಇದ್ದರೆ ಒಂದು ಆಕ್ಸಲ್ ಮೇಲಿನ ಭಾರ. 2018ರಲ್ಲಿ ನಾಲ್ಕು ಟೈರಿನ ಆಕ್ಸಲ್ಲಿಗೆ ಕಾನೂನಿನ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದರು. ಹಳೇ ಸೇತುವೆಗಳೇನೂ ಅದಕ್ಕಾಗಿ ದಪ್ಪ ಆಗಲಿಲ್ಲ, ಬೋರ್ಡಿನ ಅಂಕಿಯೇ ಕೊನೇ ಮಾತು.

ಹೆದ್ದಾರಿಯ ಹೊಸ ಸೇತುವೆಗಳನ್ನು 70ಆರ್ ಅನ್ನುವ ಲೆಕ್ಕದಲ್ಲಿ ಕಟ್ಟುತ್ತಾರೆ, ಅಂದರೆ ಯುದ್ಧ ಟ್ಯಾಂಕಿನ ಥರದ 70 ಟನ್ನಿನ ಚೈನ್ ಗಾಡಿ ಹೋದರೂ ತಡೆಯಬೇಕು. ಹಾಗಾಗಿ 2025ರ ಜುಲೈನಲ್ಲಿ ಶುರುವಾದ ಸಿಗಂದೂರು ಸೇತುವೆಯ ಚಿಂತೆ ಬೇಡ. ಭಯ ಇರುವುದು ಹೋಮ್‌ಸ್ಟೇಗೆ ತಿರುಗುವ ಕವಲು ದಾರಿಯ ಮೋರಿಯಲ್ಲಿ, ಅಲ್ಲಿ ಬೋರ್ಡೇ ಇರುವುದಿಲ್ಲ. ಬಸ್ಸು ಬರುತ್ತಾ ಅಂತ ಊರವರನ್ನು ಕೇಳಿ. ಜನ ತುಂಬಿದ ದೊಡ್ಡ ಬಸ್ಸು ಹತ್ತು ಟನ್ನಿಗಿಂತ ಜಾಸ್ತಿ ತೂಗುತ್ತದೆ, ಅದು ದಿನಾ ಓಡಾಡುತ್ತಿದ್ದು ನಿಮ್ಮ ಗಾಡಿ ಅದಕ್ಕಿಂತ ಹಗುರ ಇದ್ದರೆ ಅರ್ಧ ಧೈರ್ಯ. ಇನ್ನರ್ಧಕ್ಕೆ ಇಳಿದು ನಡೆದು ನೋಡಿ. ಮಳೆಗಾಲದಲ್ಲಿ ಮೊದಲು ಕೊಚ್ಚಿ ಹೋಗುವುದು ಎಷ್ಟೋ ಕಡೆ ಸೇತುವೆಯಲ್ಲ, ಅದರ ಎರಡೂ ತುದಿಯ ಮಣ್ಣು. ರಸ್ತೆ ಅಂಚು ಕುಸಿದಿದ್ದರೆ, ಟಾರು ಬಿರಿದಿದ್ದರೆ ಬೇಡ. ಮೇಲೆ ನೀರು ಹರಿಯುತ್ತಿದ್ದರಂತೂ ಮಾತೇ ಇಲ್ಲ.

ದಾಟುವಾಗ ಎದುರಿನ ಗಾಡಿ ಇಳಿಯುವ ತನಕ ಕಾಯಿರಿ, ನಿಧಾನಕ್ಕೆ ಹೋಗಿ, ನಡುವೆ ಬ್ರೇಕ್ ಒತ್ತಬೇಡಿ. ವೇಗ ಹೆಚ್ಚಿದಷ್ಟೂ, ಗುಂಡಿಗೆ ಕುಕ್ಕಿದಷ್ಟೂ ಸೇತುವೆಗೆ ಹೊಡೆತ ಜಾಸ್ತಿ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಲ್ಲಿಸುವುದುಂಟು, ಹೊರಡುವ ಮುಂಚೆ ವಿಚಾರಿಸಿ.

ಹೋಮ್‌ಸ್ಟೇಯವರು ಫೋನಲ್ಲಿ "ಜೀಪ್ ಆರಾಮಾಗಿ ಬರುತ್ತೆ ಸಾರ್" ಅಂದರೆ ಕ್ಯಾರವಾನನ್ನು ಮುಖ್ಯ ರಸ್ತೆ ಪಕ್ಕ ನಿಲ್ಲಿಸಿ, ಅವರ ಜೀಪನ್ನೇ ಕರೆಸಿಕೊಳ್ಳಿ.