ವಾಂಡೋಮ್ ಸ್ತಂಭದಲ್ಲಿ ರೋಮನ್ನು ಗುರುತಿಸುವ ಬಗೆ

ಪ್ಯಾರಿಸ್ಸಿನ ವಾಂಡೋಮ್ ಚೌಕದಲ್ಲಿ ನೆಪೋಲಿಯನ್ 1806ರಿಂದ 1810ರ ನಡುವೆ ಕಟ್ಟಿಸಿದ ವಿಜಯಸ್ತಂಭವನ್ನು ನೋಡಹೊರಟವರು ರೋಮಿನ ಟ್ರಾಜನ್ ಸ್ತಂಭದ ಚಿತ್ರವೊಂದನ್ನು ಜೊತೆಗಿಟ್ಟುಕೊಳ್ಳಬೇಕು, ಕ್ರಿ.ಶ. 113ರ ಆ ಸ್ತಂಭವೇ ಇದರ ಮಾದರಿ. ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು.

ಪೀಠದಿಂದ ನೋಟವನ್ನು ಆರಂಭಿಸಿ, ಕಂಬಕ್ಕೆ ಬಳ್ಳಿಯಂತೆ ಸುತ್ತಿಕೊಂಡು ಮೇಲೇರುವ ಉಬ್ಬುಶಿಲ್ಪದ ಪಟ್ಟಿಯನ್ನು ಹಿಂಬಾಲಿಸಿ. ವಿನ್ಯಾಸ ರೋಮಿನದಾದರೂ ಅಲ್ಲಿ ಸಾಗುವ ಸೈನಿಕರು ತೊಟ್ಟಿರುವುದು ಆಸ್ಟ್ರಿಯಾ, ರಷ್ಯಾಗಳ ವಿರುದ್ಧ ನೆಪೋಲಿಯನ್ ನಡೆಸಿದ 1805ರ ದಂಡಯಾತ್ರೆಯ ಸಮವಸ್ತ್ರವನ್ನು. ಬಳಿಕ ವಸ್ತುವನ್ನು ಗಮನಿಸಿ: ಟ್ರಾಜನ್ ಸ್ತಂಭ ಅಮೃತಶಿಲೆಯದು, ಇಲ್ಲಿಯಾದರೋ ಕಲ್ಲಿನ ಕಂಬಕ್ಕೆ, ಶತ್ರುಗಳಿಂದ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದ ಕಂಚಿನ ಫಲಕಗಳನ್ನು ಹೊದಿಸಲಾಗಿದೆ. ಇಡೀ ಸ್ಮಾರಕದಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಯೋಚನೆ ಇದೇ.

ಕೊನೆಗೆ ತುದಿಯಲ್ಲಿರುವ ನೆಪೋಲಿಯನ್ನನ ಪ್ರತಿಮೆಯ ಉಡುಪನ್ನು ನೋಡಿ, ಏಕೆಂದರೆ ರಾಜಕೀಯ ಬದಲಾದಂತೆ ಅದೂ ಬದಲಾಗಿದೆ. ರೋಮನ್ ವೇಷದ ಮೊದಲ ಪ್ರತಿಮೆಯನ್ನು ನೆಪೋಲಿಯನ್ ಪದಚ್ಯುತನಾದ 1814ರಲ್ಲಿ ಕೆಳಗಿಳಿಸಿದರು. 1833ರಲ್ಲಿ ಸೇನಾ ಕೋಟು, ಟೋಪಿ ಧರಿಸಿದ ನೆಪೋಲಿಯನ್ ಮೇಲೇರಿದ. 1863ರಲ್ಲಿ ಆಗಿನ ಫ್ರೆಂಚ್ ಚಕ್ರವರ್ತಿ ಮೂರನೇ ನೆಪೋಲಿಯನ್ ತನ್ನ ದೊಡ್ಡಪ್ಪನಿಗೆ ಮತ್ತೆ ರೋಮನ್ ಚಕ್ರವರ್ತಿಯ ವೇಷವನ್ನೇ ತೊಡಿಸಿದ. 1871ರಲ್ಲಿ ನಗರವನ್ನು ಅಲ್ಪಕಾಲ ಆಳಿದ ಕ್ರಾಂತಿಕಾರಿ ಸರ್ಕಾರವಾದ ಪ್ಯಾರಿಸ್ ಕಮ್ಯೂನ್ ಸ್ತಂಭವನ್ನೇ ಉರುಳಿಸಿತಾದರೂ, ಅದನ್ನು ಮರಳಿ ನಿಲ್ಲಿಸಿದಾಗ ಉಳಿದುಕೊಂಡದ್ದು ಆ ರೋಮನ್ ವೇಷವೇ.